ಹಳೆಯ ಅಲಾಯ್ ವೀಲ್ ಗುಜರಿಗೂ ಬೇಡ, ಆಸಿಡ್‌ಗೂ ಬೇಡ

ಮಂಗಳೂರಿನಿಂದ ತುಮಕೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಚಾರ್ಮಾಡಿ ಘಾಟಿ ಹತ್ತಿ, ಮೂಡಿಗೆರೆ ದಾಟಿ ಬೇಲೂರಿಗೆ ಬರುತ್ತದೆ. ಅಲ್ಲಿಂದ ಹಳೇಬೀಡು, ಜಾವಗಲ್, ಬಾಣಾವರದ ಮೇಲೆ ಹಾದು ಅರಸೀಕೆರೆ ಸೇರುತ್ತದೆ. ಕರಾವಳಿಯ ಉಪ್ಪುಗಾಳಿ, ಘಾಟಿಯ ಜಡಿಮಳೆ, ಬಯಲುಸೀಮೆಯ ಧೂಳು ಮೂರನ್ನೂ ಒಂದೇ ದಿನ ಉಂಡು ಬರುವ ಕಾರುಗಳು ಈ ದಾರಿಯಲ್ಲಿ ದಂಡಿಯಾಗಿವೆ. ಅವುಗಳ ಮೈಬಣ್ಣ ವರ್ಷಗಟ್ಟಲೆ ಚೆನ್ನಾಗಿಯೇ ಇರುತ್ತದೆ, ಮೊದಲು ಮುಖ ಕೆಡುವುದು ಚಕ್ರದ್ದು. ಹೊಸದರಲ್ಲಿ ಬೆಳ್ಳಿಯ ಹಾಗಿದ್ದ ಅಲಾಯ್ ವೀಲ್ ಏಳೆಂಟು ಮಳೆಗಾಲ ಕಳೆಯುವಷ್ಟರಲ್ಲಿ ಮಬ್ಬಾಗಿ, ಅಂಚಿನಲ್ಲಿ ಸಿಪ್ಪೆ ಎದ್ದು, ನೋಡಲು ಬೇಸರ ತರಿಸುತ್ತದೆ.

ಆಗ ಮಾಲೀಕರಿಗೆ ಸುಲಭವಾಗಿ ತೋಚುವ ದಾರಿ ಎರಡು. ಒಂದು, ಗುಜರಿಗೆ ಹಾಕಿ ಅಗ್ಗದ ಹೊಸ ಸೆಟ್ ತರುವುದು. ಇನ್ನೊಂದು, ಸ್ಪ್ರೇ ಡಬ್ಬಿ ತಂದು ಕೊಳೆಯ ಮೇಲೆಯೇ ಬೆಳ್ಳಿ ಬಣ್ಣ ಹೊಡೆಯುವುದು. ಎರಡೂ ತಪ್ಪು. ಬಿರುಕಿಲ್ಲದ, ಬಾಗದ ಚಕ್ರವನ್ನು ಮನೆಯಂಗಳದಲ್ಲೇ ಕೈಯಾರೆ ಉಜ್ಜಿ ಮತ್ತೆ ಹೊಳೆಯಿಸಬಹುದು. ಅದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ. ಲೋಹದ ಗುಣ ಗೊತ್ತಿರಬೇಕು, ಎರಡು ಮೂರು ರಜಾದಿನಗಳ ತಾಳ್ಮೆ ಬೇಕು.

ಉಜ್ಜಿದ ಹೊಳಪು ಎಷ್ಟು ಕಾಲ ನಿಂತೀತು ಎಂಬ ಪ್ರಶ್ನೆಗೆ ಹಳೇಬೀಡಿನ ಬಸದಿಹಳ್ಳಿಯಲ್ಲಿ ಉತ್ತರವಿದೆ. ಹೊಯ್ಸಳ ದಂಡನಾಯಕ ಗಂಗರಾಜನ ಮಗ ಬೊಪ್ಪದೇವ ತಂದೆಯ ನೆನಪಿಗೆಂದು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಒಳಗಂಬಗಳಲ್ಲಿ ಇವತ್ತಿಗೂ ಎದುರು ನಿಂತವರ ನೆರಳು ಮೂಡುತ್ತದೆ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಆಮೇಲೆ ಗಟ್ಟಿ. ಕಂಬಗಳನ್ನು ತಿರುಗಿಸಿ ಕಡೆದು, ಒರಟು ತೆಗೆದು, ನುಣುಪು ಮಾಡುತ್ತ ಹೋದವರ ದುಡಿಮೆ ಒಂಬತ್ತು ಶತಮಾನ ದಾಟಿ ನಿಂತಿದೆ. ಬೇಲೂರಿನ ಚೆನ್ನಕೇಶವನ ನವರಂಗದಲ್ಲೂ ಕಡೆದ ಕಂಬಗಳ ಸಾಲೇ ಇದೆ. ಕಲ್ಲಿಗೂ ಅಲ್ಯೂಮಿನಿಯಂಗೂ ಅಜಗಜಾಂತರ, ನಿಜ. ಕಲ್ಲು ಗುಡಿಯ ನೆರಳಿನಲ್ಲಿದೆ, ಚಕ್ರ ರಸ್ತೆಯ ಕೆಸರಿನಲ್ಲಿದೆ. ಆದರೆ ಕೆಲಸದ ಸೂತ್ರ ಎರಡರಲ್ಲೂ ಒಂದೇ: ದೊಡ್ಡ ಗೀರನ್ನು ಚಿಕ್ಕ ಗೀರಿನಿಂದ, ಚಿಕ್ಕದನ್ನು ಇನ್ನೂ ಚಿಕ್ಕದರಿಂದ ಅಳಿಸುತ್ತ ಹೋಗುವುದು. ಮೇಲೆ ಏನನ್ನು ಬಳಿದರೂ ಆ ಹೊಳಪು ಬರುವುದಿಲ್ಲ.

ಅಲ್ಯೂಮಿನಿಯಂ ಚಕ್ರ ನಿನ್ನೆ ಮೊನ್ನೆಯ ಶೋಕಿಯೂ ಅಲ್ಲ. ಬುಗಾಟ್ಟಿ ಕಂಪನಿ ತನ್ನ ಟೈಪ್ 35 ರೇಸ್ ಕಾರಿಗೆ ಎರಕದ ಅಲ್ಯೂಮಿನಿಯಂ ಚಕ್ರ ತೊಡಿಸಿ 1924ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಓಡಿಸಿತ್ತು. ಇಂದಿನ ಬಹುಪಾಲು ಚಕ್ರಗಳು ಸುಮಾರು ಶೇ 7ರಷ್ಟು ಸಿಲಿಕಾನ್, ಚೂರು ಮೆಗ್ನೀಸಿಯಂ ಬೆರೆತ ಮಿಶ್ರಲೋಹದವು. ಹದವಾಗಿ ಕಾಯಿಸಿ, ತಣಿಸಿ, ಮತ್ತೆ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಇಟ್ಟು ಅವಕ್ಕೆ ಬಲ ಬರಿಸಿರುತ್ತಾರೆ. ಹಳೆಯ ಬಣ್ಣ ಬೇಗ ಏಳಲಿ ಎಂದು ಬ್ಲೋ ಲ್ಯಾಂಪ್ ಹಿಡಿಯುವವರು ಬಣ್ಣದ ಜೊತೆಗೆ ಆ ಬಲವನ್ನೂ ಸುಡುತ್ತಾರೆ.

ಒಂದು ಕಿಲೊ ಅಲ್ಯೂಮಿನಿಯಂ ಅನ್ನು ಅದಿರಿನಿಂದ ಪಡೆಯಲು ಕರಗಿಸುವ ಕುಲುಮೆಯಲ್ಲೇ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಎಂಟು ಕಿಲೊ ತೂಗುವ ಒಂದು ಚಕ್ರಕ್ಕೆ ನೂರು ಯೂನಿಟ್‌ಗೂ ಮಿಕ್ಕಿ ಆಯಿತು. ಗುಜರಿಗೆ ಹೋದ ಚಕ್ರ ವ್ಯರ್ಥವಾಗುವುದಿಲ್ಲ, ಅದರ ಇಪ್ಪತ್ತರಲ್ಲಿ ಒಂದು ಪಾಲು ಶಕ್ತಿಯಲ್ಲಿ ಮತ್ತೆ ಕರಗುತ್ತದೆ ಎನ್ನುವುದು ಸರಿ. ಆದರೆ ಗಟ್ಟಿಮುಟ್ಟಾದ ಚಕ್ರವನ್ನು ಮೇಲ್ಮೈ ಮಂಕಾಯಿತೆಂಬ ಒಂದೇ ಕಾರಣಕ್ಕೆ ಕರಗಿಸುವುದೇಕೆ?

ಚಕ್ರ ಮಂಕಾಗುವ ಬಗೆ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಕಾರ್ಖಾನೆಯಲ್ಲಿ ಲೋಹದ ಮೇಲೆ ಪಾರದರ್ಶಕ ಲ್ಯಾಕರ್ ಹೊದಿಸಿರುತ್ತಾರೆ. ರಸ್ತೆಯ ಜಲ್ಲಿ ಸಿಡಿದೋ, ಟೈರು ಬಿಚ್ಚುವಾಗ ಕಬ್ಬಿಣದ ಪಟ್ಟಿ ತಾಗಿಯೋ ಆ ಹೊದಿಕೆ ಒಂದು ಕಡೆ ಒಡೆಯುತ್ತದೆ. ಒಡೆದ ಜಾಗದಿಂದ ನೀರೂ ಉಪ್ಪೂ ಒಳನುಗ್ಗಿ, ಲ್ಯಾಕರಿನ ಅಡಿಯಲ್ಲೇ ನೂಲಿನೆಳೆಯಂಥ ಬಿಳಿ ಗೆರೆಗಳು ಹರಡುತ್ತವೆ. ಬ್ರೇಕಿನಿಂದ ಉದುರುವ ಬಿಸಿ ಕಬ್ಬಿಣದ ಪುಡಿ ಮೇಲೆ ಕಚ್ಚಿಕೊಂಡು ಕಂದು ಚುಕ್ಕೆಯಾಗುತ್ತದೆ. ಇದರ ಮೇಲೆ ಬಣ್ಣ ಹೊಡೆದರೆ ಒಳಗಿನ ಸವೆತ ನಿಲ್ಲುವುದಿಲ್ಲ. ಮುಂದಿನ ಮಳೆಗಾಲಕ್ಕೆ ಹೊಸ ಬಣ್ಣವೂ ಎದ್ದು ಬರುತ್ತದೆ.

ನಮ್ಮ ಮನೆಗಳಲ್ಲಿ ಪಾತ್ರೆ ಉಜ್ಜುವ ಜ್ಞಾನಕ್ಕೆ ಕೊರತೆಯಿಲ್ಲ. ಹಿತ್ತಾಳೆಗೆ ಹುಣಸೆಹಣ್ಣು, ಮಸಿ ಹಿಡಿದ ಪಾತ್ರೆಗೆ ಬೂದಿ. ತೊಂದರೆ ಇರುವುದೂ ಅಲ್ಲೇ. ಅಲ್ಯೂಮಿನಿಯಂ ಹುಳಿಗೂ ಅಂಜುತ್ತದೆ, ಕ್ಷಾರಕ್ಕೂ ಅಂಜುತ್ತದೆ. ಅದನ್ನು ಕಾಯುವ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಎರಡರಲ್ಲೂ ಕರಗುತ್ತದೆ. ಬಣ್ಣ ಕೀಳಲು ಕಾಸ್ಟಿಕ್ ಸೋಡಾ ಸುರಿದರೆ ಬಣ್ಣ ಹೋಗುವ ಮೊದಲೇ ಲೋಹ ನೊರೆ ಉಕ್ಕಿ ಕಪ್ಪಾಗುತ್ತದೆ, ಜೊತೆಗೆ ಬೆಂಕಿ ಹೊತ್ತುವ ಹೈಡ್ರೋಜನ್ ಅನಿಲ ಏಳುತ್ತದೆ. ಶೌಚಾಲಯ ತೊಳೆಯುವ ಆಸಿಡ್ಡೂ ಬೇಡ. ಚಕ್ರ ತೊಳೆಯಲೆಂದೇ ಮಾರುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅದನ್ನು ಬಿಡುಗಡೆ ಮಾಡುವ ಲವಣ ಇರುತ್ತದೆ. ಅದು ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಂ ಅನ್ನೇ ಕಟ್ಟಿಹಾಕುತ್ತದೆ, ನೋವು ಎಷ್ಟೋ ಹೊತ್ತಿನ ಮೇಲೆ ಗೊತ್ತಾಗುತ್ತದೆ. ಪೇಂಟ್ ರಿಮೂವರ್ ಕೊಳ್ಳುವಾಗ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಲೇಬೇಕು. ಮೆಥಿಲೀನ್ ಕ್ಲೋರೈಡ್ ಇದ್ದರೆ ವಾಪಸ್ ಇಡುವುದೇ ಲೇಸು. ಮುಚ್ಚಿದ ಕೋಣೆಗಳಲ್ಲಿ ಅದರ ಆವಿ ಕುಡಿದು ಜನ ಸತ್ತ ಮೇಲೆ ಅಮೆರಿಕ 2019ರಲ್ಲಿ ಮನೆಬಳಕೆಯ ರಿಮೂವರ್‌ಗಳಲ್ಲಿ ಅದನ್ನು ನಿಷೇಧಿಸಿತು.

ಸರಿಯಾದ ಕ್ರಮ ಹೀಗೆ. ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚಿಸಿ, ಹಳೆಯ ಬ್ಯಾಲೆನ್ಸ್ ತೂಕಗಳನ್ನು ತೆಗೆಸಬೇಕು. ಸಾಬೂನು ನೀರು, ಮೆತ್ತನೆ ಬ್ರಷ್ ಇಷ್ಟೇ ಸಾಕು, ಮೊದಲು ಕೊಳೆ ಹೋಗಲಿ. ಸ್ಟೀಲ್ ನಾರು ಮಾತ್ರ ಬೇಡ. ಅದರ ಚೂರು ಅಲ್ಯೂಮಿನಿಯಂನಲ್ಲಿ ಹೂತು, ಒದ್ದೆಯಾದಾಗಲೆಲ್ಲ ಸುತ್ತಲಿನ ಲೋಹವನ್ನು ತಿನ್ನುತ್ತದೆ. ಅರಸೀಕೆರೆ ಸೀಮೆಯಲ್ಲಿ ತೆಂಗಿನ ನಾರಿಗೆ ಬರವಿಲ್ಲ, ಕಡ್ಡಿಗಳ ಸಂದಿಯ ಜಿಡ್ಡಿಗೆ ಅದನ್ನೇ ಹಿಡಿಯಬಹುದು. ಆಮೇಲೆ ಗಾಳಿಯಾಡುವ ಜಾಗದಲ್ಲಿ, ರಬ್ಬರ್ ಗ್ಲೌಸು, ಕನ್ನಡಕ ತೊಟ್ಟು ರಿಮೂವರ್ ಬಳಿದರೆ ಲ್ಯಾಕರ್ ಸುಕ್ಕುಗಟ್ಟಿ ಏಳುತ್ತದೆ. ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು, ಚೆನ್ನಾಗಿ ತೊಳೆಯಬೇಕು.

ಇಲ್ಲಿಂದ ಮುಂದೆ ನಿಜವಾದ ಕೆಲಸ. ಸವೆತ ಹೆಚ್ಚಿದ್ದರೆ 240ನೇ ನಂಬರಿನ ವಾಟರ್ ಪೇಪರಿನಿಂದ, ಕಡಿಮೆ ಇದ್ದರೆ 400ರಿಂದ ಶುರು. ನೀರಿಗೆ ನಾಲ್ಕು ಹನಿ ಪಾತ್ರೆ ಸೋಪು ಬೆರೆಸಿ, ಕಾಗದವನ್ನು ಆಗಾಗ ಅದ್ದುತ್ತ ಉಜ್ಜಿದರೆ ಬೂದುಬಣ್ಣದ ನೀರು ಇಳಿಯುತ್ತದೆ. ಆ ನೀರು ಒರೆಸಿ, ಚಕ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಎಲ್ಲ ಗೀರುಗಳೂ ಒಂದೇ ದಿಕ್ಕಿಗಿದ್ದರೆ ಮುಂದಿನ ನಂಬರು. ಅದರಲ್ಲಿ ಅಡ್ಡ ದಿಕ್ಕಿಗೆ ಉಜ್ಜಬೇಕು, ಆಗ ಹಿಂದಿನ ಗೀರು ಉಳಿದಿದ್ದರೆ ತಕ್ಷಣ ಕಾಣುತ್ತದೆ. 600, 800, 1000, 1500, 2000. ನಡುವಿನದೊಂದನ್ನು ಹಾರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಹಾರಿಸಿದ ಗೀರು ಕೊನೆಯ ಪಾಲಿಶ್ ಹಚ್ಚಿದ ಮೇಲೆ ಎದ್ದು ಕಂಡು, ಹಿಂದಕ್ಕೆ ಹೋಗಿ ಮತ್ತೆ ಉಜ್ಜಿಸುತ್ತದೆ. 2000 ಮುಗಿದಾಗ ಲೋಹ ಹಾಲಿನ ಕೆನೆಯ ಮಬ್ಬಿನಲ್ಲಿರುತ್ತದೆ. ಹತ್ತಿ ಬಟ್ಟೆಯಲ್ಲಿ ಮೆಟಲ್ ಪಾಲಿಶ್ ಹಿಡಿದು ಸುತ್ತಿಸಿ ಉಜ್ಜಿದರೆ ಬಟ್ಟೆ ಕಾಡಿಗೆಗಪ್ಪಾಗುತ್ತದೆ. ಅದು ಲೋಹದ ಅತಿ ನುಣ್ಣನೆ ಪುಡಿ, ಕೆಲಸ ಆಗುತ್ತಿದೆ ಎಂಬುದರ ಗುರುತು. ಒಣ ಬಟ್ಟೆಯಲ್ಲಿ ಒರೆಸಿದಾಗ ಉಜ್ಜಿದವರ ಮುಖವೇ ಅಲ್ಲಿ ಕಾಣುತ್ತದೆ.

ಉಜ್ಜಬಾರದ ಜಾಗಗಳೂ ಇವೆ: ನಟ್ಟು ಕೂರುವ ಗುಳಿ, ಹಬ್ಬಿಗೆ ಅಂಟುವ ಹಿಂಬದಿ, ನಡುವಿನ ರಂಧ್ರ, ಟೈರಿನ ಅಂಚು ಒತ್ತಿ ನಿಲ್ಲುವ ಏಣು. ಅಲ್ಲಿ ಅಳತೆ ಕೆಟ್ಟರೆ ಗಾಳಿ ಸೋರುತ್ತದೆ, ಚಕ್ರ ನಡುಗುತ್ತದೆ.

ನೀರು ಹಾಕದೆ ಯಂತ್ರದಲ್ಲಿ ಒಣದಾಗಿಯೇ ಉಜ್ಜುವವರು ಕುನ್‌ಶಾನ್‌ನ ಹೆಸರು ಕೇಳಿರಲೇಬೇಕು. ಚೀನಾದ ಆ ಊರಿನಲ್ಲಿ ಕಾರಿನ ಅಲ್ಯೂಮಿನಿಯಂ ಚಕ್ರಗಳಿಗೆ ಪಾಲಿಶ್ ಮಾಡುವ ಕಾರ್ಖಾನೆಯೊಂದು 2014ರ ಆಗಸ್ಟ್ 2ರ ಬೆಳಿಗ್ಗೆ ಸಿಡಿಯಿತು. ಸಿಡಿದದ್ದು ಅನಿಲವಲ್ಲ, ಗಾಳಿಯಲ್ಲಿ ಬೆರೆತ ಅಲ್ಯೂಮಿನಿಯಂ ಧೂಳು. 146 ಮಂದಿ ಸತ್ತರು. ಅಂಗಳದಲ್ಲಿ ನೀರು ಹಾಕಿ ನಾಲ್ಕು ಚಕ್ರ ಉಜ್ಜುವವರಿಗೆ ಆ ಭಯವಿಲ್ಲ. ಆದರೆ ಬಾಗಿಲು ಹಾಕಿದ ಶೆಡ್ಡಿನಲ್ಲಿ ದಿನವಿಡೀ ಬಫಿಂಗ್ ಮಾಡಿಸುವ ಗ್ಯಾರೇಜುಗಳಿಗೆ ಧೂಳು ಹೀರುವ ವ್ಯವಸ್ಥೆ, ದಿನವೂ ನೆಲ ಗುಡಿಸುವ ಶಿಸ್ತು ಕಡ್ಡಾಯವಾಗಬೇಕು. ತೊಳೆದ ನೀರೂ ಅಷ್ಟೇ ಮುಖ್ಯ. ಕೆರೆದ ಬಣ್ಣ, ರಿಮೂವರ್ ಬೆರೆತ ನೀರು ಚರಂಡಿ ಹಿಡಿದು ಬೇಲೂರಿನ ವಿಷ್ಣುಸಮುದ್ರಕ್ಕೋ ಹಳೇಬೀಡಿನ ದ್ವಾರಸಮುದ್ರದ ಕೆರೆಗೋ ಸೇರಬಾರದು. ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ಕೆಳಗುಳಿದ ರಾಡಿಯನ್ನು ಕಟ್ಟಿ, ಕಸದವರಿಗೆ ಬೇರೆಯಾಗಿ ಕೊಡುವುದು ಕಷ್ಟದ ಮಾತಲ್ಲ.

ಹೊಳಪು ಬಂದ ಮೇಲೆ ಲ್ಯಾಕರ್ ಬೇಕೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಕನ್ನಡಿಯಷ್ಟು ನುಣುಪಾದ ಲೋಹಕ್ಕೆ ಲ್ಯಾಕರ್ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಅರಸೀಕೆರೆಯ ಒಣಹವೆಯಲ್ಲಿ ಓಡುವ ಕಾರಿಗೆ ಬರೀ ಮೇಣ ಸಾಕು. ವಾರಕ್ಕೊಮ್ಮೆ ಮಂಗಳೂರಿಗೆ ಇಳಿಯುವವರು ಕೈ ಉಜ್ಜುಗೆಯ ಹೊಳಪಿನ ಆಸೆ ಬಿಟ್ಟು, ಹದವಾದ ಒಲೆ ಇರುವ ಕಡೆ ಪೌಡರ್ ಕೋಟಿಂಗ್ ಮಾಡಿಸುವುದು ಒಳ್ಳೆಯದು.

ಇನ್ನು ಎಲ್ಲಕ್ಕಿಂತ ಗಂಭೀರವಾದದ್ದು ಬಿರುಕು. ಹಳ್ಳಕ್ಕೆ ಬಿದ್ದು ಅಂಚು ಸೀಳಿದ ಚಕ್ರಕ್ಕೆ ವೆಲ್ಡಿಂಗ್ ಮಾಡಿ, ಗ್ರೈಂಡರ್ ಆಡಿಸಿ, ಹೊಳಪು ಕೊಟ್ಟು ಮಾರುವುದು ಅಪರಾಧಕ್ಕೆ ಸಮ. ವೆಲ್ಡಿಂಗಿನ ಶಾಖಕ್ಕೆ ಪಕ್ಕದ ಲೋಹ ಮೆದುವಾಗಿರುತ್ತದೆ, ಪಾಲಿಶ್ ಅದನ್ನು ಕಣ್ಣಿಗೆ ಮರೆಸುತ್ತದೆ. ಕೂದಲೆಳೆಯ ಬಿರುಕನ್ನೂ ಹಿಡಿಯುವ ಡೈ ಪೆನಿಟ್ರಂಟ್ ಪರೀಕ್ಷೆ ದೊಡ್ಡ ಖರ್ಚಿನದಲ್ಲ. ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ತಾಲ್ಲೂಕಿನ ಐಟಿಐಗಳು, 1960ರಿಂದ ಹಾಸನದಲ್ಲಿರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳು ತಿಂಗಳಿಗೊಂದು ದಿನ ಈ ಪರೀಕ್ಷೆಯನ್ನು ಸಾರ್ವಜನಿಕರಿಗೆ ತೆರೆದಿಟ್ಟರೆ ವಿದ್ಯಾರ್ಥಿಗಳಿಗೆ ಪಾಠ, ಪ್ರವಾಸಿಗರನ್ನು ಹೊತ್ತು ಬೇಲೂರು ಹಳೇಬೀಡಿಗೆ ದಿನವೂ ಓಡುವ ಟ್ಯಾಕ್ಸಿ ಚಾಲಕರಿಗೆ ನೆಮ್ಮದಿ. 2023ರ ಸೆಪ್ಟೆಂಬರಿನಲ್ಲಿ ಹೊಯ್ಸಳ ದೇಗುಲಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಇಂಥ ಏರ್ಪಾಟು ಇನ್ನಷ್ಟು ಅಗತ್ಯ.

ಉಜ್ಜಿದ ಚಕ್ರವನ್ನು ಕಾರಿಗೆ ಮರಳಿ ತೊಡಿಸುವಾಗ ಹೊಸ ವಾಲ್ವ್ ಹಾಕಿಸಿ, ಬ್ಯಾಲೆನ್ಸ್ ಮಾಡಿಸಬೇಕು. ನಟ್ಟುಗಳನ್ನು ಸುತ್ತಿನ ಸಾಲಿನಲ್ಲಲ್ಲ, ಎದುರುಬದುರಾಗಿ, ಕಾರಿನ ಕೈಪಿಡಿ ಹೇಳಿದಷ್ಟೇ ಬಿಗಿಯಲ್ಲಿ ಟಾರ್ಕ್ ಸ್ಪ್ಯಾನರಿನಿಂದ ತಿರುಗಿಸಬೇಕು. ಎಂಬತ್ತು ನೂರು ಕಿಲೊಮೀಟರ್ ಓಡಿದ ಮೇಲೆ ಇನ್ನೊಮ್ಮೆ ಅದೇ ಸ್ಪ್ಯಾನರ್ ಹಾಕಿ ನೋಡುವುದನ್ನು ಪಂಕ್ಚರ್ ಅಂಗಡಿಯವರೇ ಗಿರಾಕಿಗೆ ನೆನಪಿಸಿ, ಬಿಟ್ಟಿಯಾಗಿ ಮಾಡಿಕೊಡುವ ರೂಢಿ ಬೇಲೂರು, ಹಳೇಬೀಡು, ಅರಸೀಕೆರೆಗಳಲ್ಲಾದರೂ ಮೊದಲು ಶುರುವಾಗಲಿ.