ಯಾರ ನಾಲಗೆ ಕೆಟ್ಟಿದ್ದು?



‘ಇವರಿಗೆ ಹಕಾರ ಬರಲ್ಲ. ಹಾಲಿಗೆ ಆಲು ಅಂತಾರೆ, ಹಾವಿಗೆ ಆವು ಅಂತಾರೆ.’ ಈ ನಗು ನಮಗೆ ಹೊಸದಲ್ಲ. ಸ್ಕೂಲಲ್ಲಿ ಕೇಳಿದ್ದೇವೆ, ಹಾಸ್ಟೆಲಲ್ಲಿ ಕೇಳಿದ್ದೇವೆ, ಭಾಷಣ ಸ್ಪರ್ಧೆಯ ವೇದಿಕೆ ಇಳಿದ ಮೇಲೂ ಕೇಳಿದ್ದೇವೆ. ನಗೋರು ಸುಮ್ಮನೆ ನಗೋದಿಲ್ಲ. ಆ ನಗುವಿನ ಹಿಂದೆ ಒಂದು ಶಾಸ್ತ್ರ ಇದೆ. ಶುದ್ಧ ನಾಲಗೆ ಅಂತ ಒಂದಿದೆ, ಅದು ಮೇಲೆ. ಅದರಿಂದ ಜಾರಿ ಬಿದ್ದು ಕೆಟ್ಟಿದ್ದೆಲ್ಲ ಕೆಳಗೆ. ಮಾತಿಗೂ ಒಂದು ವರ್ಣಾಶ್ರಮ! ಸಂಸ್ಕೃತ ದೇವಭಾಷೆ, ಲೋಕದ ಭಾಷೆಗಳಿಗೆಲ್ಲ ತಾಯಿ, ಮಿಕ್ಕವೆಲ್ಲ ಅದು ಕೆಟ್ಟು ಆದವು ಅಂತ ಇವತ್ತಿಗೂ ಮೈಕು ಹಿಡಿದು ಹೇಳೋರಿದ್ದಾರೆ. ಈ ಶಾಸ್ತ್ರವನ್ನ ಅದರ ಗರ್ಭಗುಡಿಯಲ್ಲೇ, ಅಂದರೆ ‘ಗೋ’ ಅನ್ನೋ ಒಂದೇ ಮಾತಿನಲ್ಲಿ, ಪರೀಕ್ಷೆ ಮಾಡೋಣ.

ಕ್ರಿ.ಪೂ. 2ನೇ ಶತಮಾನದ ಪತಂಜಲಿ ಮಹಾಭಾಷ್ಯದ ಆರಂಭದಲ್ಲೇ ಲೆಕ್ಕ ಚುಕ್ತಾ ಮಾಡಿದ್ದಾನೆ. ‘ಗೌಃ’ ಸರಿಯಾದ ಶಬ್ದ. ಜನ ಆಡುವ ಗಾವೀ, ಗೋಣೀ, ಗೋತಾ, ಗೋಪೋತಲಿಕಾ ಇವೆಲ್ಲ ಅಪಭ್ರಂಶ. ಅಪಭ್ರಂಶ ಅಂದರೆ ಜಾರಿ ಬಿದ್ದದ್ದು. ದನ ಕಾಯೋನ ಮಾತು ಕೆಟ್ಟದ್ದು, ದಾನವಾಗಿ ದನ ತಗೊಂಡೋನ ಮಾತು ಶುದ್ಧ! ಆ ಕೆಟ್ಟ ‘ಗಾವೀ’ಯ ಸಂತಾನವೇ ಇವತ್ತಿನ ಹಿಂದಿ, ಮರಾಠಿಗಳ ‘ಗಾಯ್’.

ಸರಿ, ‘ಗೌಃ’ ಎಲ್ಲಿಂದ ಬಂತು? ಸ್ವರ್ಗದಿಂದಲೋ? ಸುತ್ತಮುತ್ತ ನೋಡಿ. ಪರ್ಶಿಯನ್ನರು ‘ಗಾವ್’ ಅಂತಾರೆ. ಲಾಟ್ವಿಯಾದ ರೈತ ‘ಗೋವ್ಸ್’ ಅಂತಾನೆ. ಆರ್ಮೇನಿಯನ್ನರು ‘ಕೋವ್’, ಇಂಗ್ಲಿಷರು ‘ಕೌ’, ಹಳೆಯ ಗ್ರೀಕರು ‘ಬೂಸ್’, ಐರಿಷರು ‘ಬೋ’, ಲ್ಯಾಟಿನ್ನಿನಲ್ಲಿ ‘ಬೋಸ್’. ಇವೆಲ್ಲಕ್ಕೂ ಹಿಂದೆ ಒಂದೇ ಮಾತು ಇತ್ತು ಅಂತ ಭಾಷಾವಿಜ್ಞಾನಿಗಳು ಹೋಲಿಸಿ, ತೂಗಿ, ಕಟ್ಟಿದ್ದಾರೆ. ಅದು ‘ಗ್ವೋವ್ಸ್’ ಅನ್ನೋ ಥರ ಇತ್ತು. ಗಂಟಲು, ತುಟಿ ಎರಡೂ ಒಟ್ಟಿಗೆ ಆಡೋ ‘ಗ್ವ’. ಸಂಸ್ಕೃತದಲ್ಲಿ ಗಂಟಲು ಉಳೀತು, ತುಟಿ ಹೋಯ್ತು. ಗ್ರೀಕ್‌ನಲ್ಲಿ ತುಟಿ ಉಳೀತು, ಗಂಟಲು ಹೋಯ್ತು. ಹಾಗಾದರೆ ಪತಂಜಲಿಯ ‘ಗೌಃ’ ಕೂಡ ಜಾರಿ ಬಿದ್ದದ್ದೇ. ಅಪಭ್ರಂಶವೇ ಅಪಭ್ರಂಶಕ್ಕೆ ಅಪಭ್ರಂಶ ಅಂತ ಹೆಸರಿಟ್ಟಿತು.

ಇನ್ನೊಂದು ಸಂಗತಿ ಕೇಳಿ. ಲ್ಯಾಟಿನ್ನಿನ ‘ಬೋಸ್’ ಫ್ರೆಂಚರ ಬಾಯಲ್ಲಿ ‘ಬಫ್’ ಆಯ್ತು. 1066ರಲ್ಲಿ ನಾರ್ಮನ್ ದೊರೆಗಳು ಇಂಗ್ಲೆಂಡ್ ಗೆದ್ದರು, ಆ ಮಾತು ಅವರ ಜೊತೆ ಹೋಗಿ ‘ಬೀಫ್’ ಆಯ್ತು. ಕೊಟ್ಟಿಗೆಯಲ್ಲಿ ಸಾಕಿದೋನಿಗೆ ಅದು ‘ಕೌ’, ತಟ್ಟೆಯಲ್ಲಿ ತಿಂದೋನಿಗೆ ‘ಬೀಫ್’. ಎರಡೂ ಒಂದೇ ಬೇರಿನ ಮಾತು. ಅಂದರೆ ಗೋ ಮತ್ತು ಬೀಫು ಒಂದೇ ತಾಯಿ ಮಕ್ಕಳು ಕಣ್ರಪ್ಪ! ಒಂದಕ್ಕೆ ಆರತಿ ಎತ್ತಿ, ಇನ್ನೊಂದರ ಹೆಸರಲ್ಲಿ ನಮ್ಮವರ ಬೆನ್ನ ಮೇಲೆ ಬಾರುಕೋಲು ಎತ್ತೋರಿಗೆ ಈ ನೆಂಟಸ್ತನ ಯಾರು ಹೇಳಬೇಕು?

ಈ ವಿದ್ಯೆ ಗುಟ್ಟಿನದಲ್ಲ. 1786ರಲ್ಲಿ ಕಲ್ಕತ್ತೆಯಲ್ಲಿ ಜಡ್ಜ್ ಆಗಿದ್ದ ವಿಲಿಯಂ ಜೋನ್ಸ್ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾತಾಡಿದ. ಸಂಸ್ಕೃತವನ್ನ ಬಾಯ್ತುಂಬ ಹೊಗಳಿದ. ಜೊತೆಗೇ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಬಹುಶಃ ಈಗ ಉಳಿದಿರದ ಯಾವುದೋ ಒಂದು ಮೂಲದಿಂದ ಬಂದಿವೆ ಅಂದ. ನಮ್ಮ ಪಂಡಿತರು ಹೊಗಳಿಕೆಯನ್ನ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದರು, ಉಳಿದರ್ಧ ನುಂಗಿದರು. ಜೋನ್ಸ್ ಹೇಳಿದ್ದು ಸಂಸ್ಕೃತ ತಾಯಿ ಅಂತಲ್ಲ, ಅಕ್ಕತಂಗಿಯರಲ್ಲಿ ಒಬ್ಬಳು ಅಂತ. ಆ ತಾಯಿಗೆ ಲಿಪಿ ಇಲ್ಲ, ಶಾಸನ ಇಲ್ಲ, ಮಠ ಇಲ್ಲ. ಅವಳ ಒಂದೊಂದು ಮಾತಿಗೂ ಇಂದಿನ ವಿದ್ವಾಂಸರು ಮುಂದೆ ಒಂದು ನಕ್ಷತ್ರದ ಗುರುತು ಹಾಕಿ ಬರೀತಾರೆ. ಇದು ಯಾರೂ ಬರೆದಿಟ್ಟದ್ದಲ್ಲ, ನಾವು ಕಟ್ಟಿಕೊಂಡದ್ದು ಅಂತ ಅದರ ಅರ್ಥ. ವಿಜ್ಞಾನಕ್ಕೆ ಇಷ್ಟು ಪ್ರಾಮಾಣಿಕತೆ ಇದೆ. ಶಾಸ್ತ್ರಕ್ಕೆ ಎಲ್ಲಿದೆ?

ತಂಗಿ ಅಕ್ಕನಿಗಿಂತ ಹಳೆಯದನ್ನ ಉಳಿಸಿಕೊಂಡಿರೋದೂ ಉಂಟು. ‘ಇದೆ’ ಅನ್ನೋದಕ್ಕೆ ಗ್ರೀಕ್‌ನಲ್ಲಿ ‘ಎಸ್ತಿ’, ಲ್ಯಾಟಿನ್ನಿನಲ್ಲಿ ‘ಎಸ್ತ್’, ಸಂಸ್ಕೃತದಲ್ಲಿ ‘ಅಸ್ತಿ’. ಎಂಟಕ್ಕೆ ಅಲ್ಲಿ ‘ಒಕ್ತೋ’, ಇಲ್ಲಿ ‘ಅಷ್ಟ’. ಮೂಲದ ಎ, ಒ ಎರಡನ್ನೂ ಸಂಸ್ಕೃತ ‘ಅ’ ಮಾಡಿ ಕಲಸಿಬಿಟ್ಟಿತು ಅಂತ 1870ರ ದಶಕದಲ್ಲೇ ವಿದ್ವಾಂಸರು ತೋರಿಸಿಕೊಟ್ಟರು. ಸಂಸ್ಕೃತಕ್ಕೆ ಹ್ರಸ್ವ ಎ, ಹ್ರಸ್ವ ಒ ಇಲ್ಲವೇ ಇಲ್ಲ. ಹಾಗಂತ ಯಾರಾದರೂ ಅದಕ್ಕೆ ‘ನಿನಗೆ ಎಕಾರ ಬರಲ್ಲ’ ಅಂತ ನಕ್ಕರಾ?

ಈಗ ನಮ್ಮ ಹಕಾರಕ್ಕೆ ಬನ್ನಿ. ತಂದೆಗೆ ಲ್ಯಾಟಿನ್ನಿನಲ್ಲಿ ‘ಪಾತೆರ್’. ಇಂಗ್ಲಿಷಿನಲ್ಲಿ ‘ಫಾದರ್’, ಪ ಹೋಗಿ ಫ ಆಯ್ತು. ಆರ್ಮೇನಿಯನ್ನಿನಲ್ಲಿ ‘ಹಾಯ್ರ್’, ಹ ಆಯ್ತು. ಹಳೆಯ ಐರಿಷಿನಲ್ಲಿ ‘ಅಥಿರ್’, ಪ ಪೂರಾ ಉದುರಿ ಹೋಯ್ತು. ಒಂದೇ ಮಾತಿನಲ್ಲಿ ಹೀಗಾದ್ದಲ್ಲ. ಮೀನಿಗೆ ಲ್ಯಾಟಿನ್ನಿನಲ್ಲಿ ‘ಪಿಸ್ಕಿಸ್’, ಇಂಗ್ಲಿಷಿನಲ್ಲಿ ‘ಫಿಶ್’, ಐರಿಷಿನಲ್ಲಿ ‘ಇಯಸ್ಕ್’. ಇದು ನಿಯಮ. ಸೋಮಾರಿ ನಾಲಗೆಯ ತಪ್ಪಲ್ಲ.

ಕನ್ನಡ ಬೇರೆ ಮನೆತನದ ನುಡಿ, ದ್ರಾವಿಡ ಮನೆತನದ್ದು. ಅವರ ‘ಗೋ’ ನಮ್ಮ ಹಳಗನ್ನಡದಲ್ಲಿ ‘ಆವು’, ತಮಿಳಿನಲ್ಲಿ ‘ಆ’. ಆದರೆ ಬಾಯಿ ಮನುಷ್ಯರದೇ ಅಲ್ಲವಾ? ಇಲ್ಲೂ ಅದೇ ದಾರಿ. 10ನೇ ಶತಮಾನದ ಪಂಪನಿಗೆ ಹಾಲು ‘ಪಾಲ್’, ಹುಲಿ ‘ಪುಲಿ’, ಹೆಸರು ‘ಪೆಸರ್’. ತಮಿಳರು ಈಗಲೂ ‘ಪಾಲ್’ ಅಂತಾರೆ, ತೆಲುಗರು ‘ಪಾಲು’ ಅಂತಾರೆ. ಕನ್ನಡದಲ್ಲಿ ಪ ಹೋಗಿ ಹ ಬಂತು. ಹಳೇ ಮೈಸೂರು ಕಡೆ ನಮ್ಮ ಕೇರಿಗಳಲ್ಲಿ, ಒಕ್ಕಲು ಮಕ್ಕಳ ಬಾಯಲ್ಲಿ ಆ ಹ ಕೂಡ ಹೋಗಿ ‘ಆಲು’ ಆಯ್ತು. ‘ಹಾಲು’ ಅನ್ನೋ ಮೇಷ್ಟ್ರು ಆರ್ಮೇನಿಯಾದ ದಾರಿಯಲ್ಲಿದ್ದಾರೆ, ‘ಆಲು’ ಅನ್ನೋ ಹುಡುಗ ಐರ್ಲೆಂಡಿನ ದಾರಿಯಲ್ಲಿದ್ದಾನೆ. ಹುಡುಗನ ನಾಲಗೆ ಕೆಟ್ಟಿದ್ದರೆ ಮೇಷ್ಟ್ರ ನಾಲಗೆ ಎಂದೋ ಕೆಟ್ಟಿದೆ!

ಹಾಗಾದರೆ ಶುದ್ಧ ಅಶುದ್ಧ ತೀರ್ಮಾನ ಮಾಡಿದ್ದು ಯಾರು? ವ್ಯಾಕರಣ ಅಲ್ಲ, ಅಧಿಕಾರ. ಅಸುರರು ‘ಅರಯಃ’ ಅನ್ನೋ ಬದಲು ‘ಅಲಯಃ’ ಅಂದು ಸೋತರು, ಅದು ಮ್ಲೇಚ್ಛರ ಮಾತು ಅಂತ ಕತೆ ಕಟ್ಟಿದರು. ಆದರೆ ಅಶೋಕನ ಬಂಡೆ ಒಡಿಶಾದ ಧೌಲಿಯಲ್ಲಿ ರಾಜನನ್ನ ‘ಲಾಜ’ ಅಂತಲೇ ಕೊರೆದುಕೊಂಡು ಇವತ್ತಿಗೂ ನಿಂತಿದೆ. ಚಕ್ರವರ್ತಿಯೇ ಹಾಗೆ ಬರೆಸಿದಾಗ ಯಾರು ನಗ್ತಾರೆ? ಮಾತು ಕದ್ದು ಕೇಳಿದ ಶೂದ್ರನ ಕಿವಿಗೆ ಕಾದ ತವರ, ಅರಗು. ಆಡಿದರೆ ನಾಲಗೆ ಕತ್ತರಿಸು ಅಂತ ಗೌತಮ ಧರ್ಮಸೂತ್ರ ವಿಧಿಸಿತು. ಯಾರಿಂದ ಈ ಮಾತನ್ನ ಬಚ್ಚಿಟ್ಟರೋ ಗೊತ್ತಾ? ದನ ಕಾಯ್ದೋರಿಂದ, ನೊಗ ಹೊತ್ತೋರಿಂದ.

ಒಂದು ಎಚ್ಚರಿಕೆ ನಮಗೂ ಇರಲಿ. ನುಡಿಯ ನೆಂಟಸ್ತನ ರಕ್ತದ ನೆಂಟಸ್ತನ ಅಲ್ಲ. ಆರ್ಯ ಅನ್ನೋದನ್ನ ಜನಾಂಗ ಮಾಡಿ ಹಿಟ್ಲರ್ ಲಕ್ಷಾಂತರ ಯಹೂದಿಗಳನ್ನ ಕೊಂದ. ಬಾಬಾಸಾಹೇಬರು 1946ರಲ್ಲಿ ಶೂದ್ರರ ಬಗ್ಗೆ ಬರೆದ ಪುಸ್ತಕದಲ್ಲಿ ಆರ್ಯ ಜನಾಂಗದ ಸಿದ್ಧಾಂತವನ್ನೇ ತಳ್ಳಿಹಾಕಿದರು. ಹಾಗಾಗಿ ಅವರ ಶುದ್ಧ ಆರ್ಯಕ್ಕೆ ಎದುರಾಗಿ ನಾವೊಂದು ಶುದ್ಧ ದ್ರಾವಿಡ ನಿಲ್ಲಿಸೋದು ಬೇಡ. ನಮ್ಮ ಜಗಳ ಇರೋದು ಶುದ್ಧ ಅನ್ನೋ ಮಾತಿನ ಜೊತೆಗೇ.

ಪರೀಕ್ಷೆಯಲ್ಲಿ ‘ಹಾಲು’ ಅಂತ ಬರೆಯಿರಿ, ಮಾರ್ಕ್ಸು ತಗೊಳ್ಳಿ. ಅದು ಬಸ್ಸಿನ ಟಿಕೇಟಿದ್ದ ಹಾಗೆ, ಬೇಕಾಗುತ್ತೆ. ಆದರೆ ಸಭೆಯಲ್ಲಿ ಎದ್ದು ನಿಂತಾಗ ನಾಲಗೆ ತಡವರಿಸಬಾರದು. ಅವ್ವ ಆಡಿದ ಮಾತು ಯಾವುದರಿಂದಲೂ ಜಾರಿ ಬಿದ್ದದ್ದಲ್ಲ. ಅದು ನಡೆದು ಬಂದದ್ದು.