ಆಂಬುಲೆನ್ಸ್ ಓಟಕ್ಕೂ ಮುನ್ನ ನಡೆಯಬೇಕಾದ ಪರೀಕ್ಷೆ: ನವಜಾತ ಶಿಶುವಿನ ಹೃದಯ ದೋಷ ಪತ್ತೆ ತಡವಾಗುವುದೇಕೆ?

2019ರ ಏಪ್ರಿಲ್ 16. ಹೃದಯ ದೋಷವಿದ್ದ ಕಾಸರಗೋಡಿನ 15 ದಿನದ ಮಗುವನ್ನು ಹೊತ್ತ ಆಂಬುಲೆನ್ಸ್ ಮಂಗಳೂರಿನಿಂದ ಹೊರಟು, ಸುಮಾರು 400 ಕಿ.ಮೀ. ದೂರದ ಕೊಚ್ಚಿಯನ್ನು ಐದೂವರೆ ಗಂಟೆಯಲ್ಲಿ ತಲುಪಿತ್ತು. ಮೊದಲು ತಿರುವನಂತಪುರಕ್ಕೆ ಒಯ್ಯುವ ಯೋಚನೆಯಿತ್ತು. ಕೇರಳದ ಅಂದಿನ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಮಧ್ಯಪ್ರವೇಶಿಸಿದ ಬಳಿಕ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲೇ 'ಹೃದ್ಯಂ' ಯೋಜನೆಯಡಿ ಶಸ್ತ್ರಚಿಕಿತ್ಸೆಗೆ ವ್ಯವಸ್ಥೆಯಾಯಿತು.

ಆ ಓಟವನ್ನು ದೇಶವೇ ಮೆಚ್ಚಿತು. ಆದರೆ ಪ್ರತಿ ಮಗುವಿಗೂ ರಸ್ತೆ ತೆರವು ಮಾಡಲು ಸಾಧ್ಯವಿಲ್ಲ.

ಚೆನ್ನೈನ ಉತ್ತರ ಅಂಚಿನ ಎಣ್ಣೂರಿನಲ್ಲಿ ಹುಟ್ಟಿದ ಮಗುವಿಗೆ ಇಷ್ಟು ದೂರದ ಚಿಂತೆಯಿಲ್ಲ. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳು ಅದೇ ನಗರದಲ್ಲಿವೆ. ಆದರೂ ದೋಷ ಪತ್ತೆಯಾಗದೆ ಮಗು ಮನೆಗೆ ಹೋದರೆ, ಹತ್ತಿರದ ಆಸ್ಪತ್ರೆಯೂ ದೂರವೇ.

ಮೊದಲ ದಿನಗಳೇ ನಿರ್ಣಾಯಕ

ಭಾರತದಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಕ್ಕಳು ಹೃದಯ ದೋಷದೊಂದಿಗೆ ಜನಿಸುತ್ತಾರೆ ಎಂಬ ಅಂದಾಜಿದೆ. ಇವರಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಮಕ್ಕಳಿಗೆ ಮೊದಲ ವರ್ಷದಲ್ಲೇ ಶಸ್ತ್ರಚಿಕಿತ್ಸೆ ಅಥವಾ ಕ್ಯಾತಿಟರ್ ಚಿಕಿತ್ಸೆ ಬೇಕಾಗುತ್ತದೆ.

ಗರ್ಭದಲ್ಲಿರುವಾಗ ಶ್ವಾಸಕೋಶವನ್ನು ಬಳಸಿ ಹೋಗುವ ಒಂದು ರಕ್ತನಾಳ, ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಕೆಲವು ದೋಷಗಳಲ್ಲಿ ಮಗು ಬದುಕಿರುವುದೇ ಆ ನಾಳದಿಂದ. ಹೀಗಾಗಿ ಹೆರಿಗೆ ವಾರ್ಡ್‌ನಲ್ಲಿ ಚೆನ್ನಾಗಿಯೇ ಕಂಡ ಮಗು ಮನೆಗೆ ಬಂದ ಮೇಲೆ ಏಕಾಏಕಿ ನೀಲಿಗಟ್ಟುತ್ತದೆ. ಮೊದಲೇ ಗೊತ್ತಾದರೆ ಪ್ರೊಸ್ಟಗ್ಲಾಂಡಿನ್ ಔಷಧ ಕೊಟ್ಟು ನಾಳವನ್ನು ತೆರೆದಿಟ್ಟು, ಮಗುವನ್ನು ಸುರಕ್ಷಿತವಾಗಿ ಸಾಗಿಸಬಹುದು.

ಬೆಳಕಿನ ಪರೀಕ್ಷೆ

ಕೋವಿಡ್ ಕಾಲದಲ್ಲಿ ಜನರಿಗೆ ಪರಿಚಿತವಾದ ಪಲ್ಸ್ ಆಕ್ಸಿಮೀಟರ್ ಇಲ್ಲಿ ನೆರವಾಗುತ್ತದೆ. ಹುಟ್ಟಿದ 24 ಗಂಟೆಯ ನಂತರ, ಶಿಶುಗಳ ಪ್ರೋಬ್ ಬಳಸಿ ಬಲಗೈ ಮತ್ತು ಒಂದು ಕಾಲಿನಲ್ಲಿ ಆಮ್ಲಜನಕ ಅಳೆಯುತ್ತಾರೆ. ಸೂಜಿ ಚುಚ್ಚಬೇಕಿಲ್ಲ, ಕೆಲವೇ ನಿಮಿಷ ಸಾಕು. ಪ್ರಮಾಣ ಶೇ 90ಕ್ಕಿಂತ ಕಡಿಮೆಯಿದ್ದರೆ ತಕ್ಷಣ ಎಕೋ ಪರೀಕ್ಷೆ ಬೇಕು. ಎಲ್ಲ ದೋಷಗಳೂ ಇದರಲ್ಲಿ ಸಿಗುವುದಿಲ್ಲ. ಹಾಲು ಕುಡಿಯುವಾಗ ಬೆವರುವುದು, ಏದುಸಿರು, ತೂಕ ಏರದಿರುವುದು ಕಂಡರೆ ಪೋಷಕರು ವೈದ್ಯರನ್ನು ಕಾಣಲೇಬೇಕು.

ಯೋಜನೆಗಳಿವೆ, ಆದರೆ...

ಮಕ್ಕಳ ತಪಾಸಣೆಗಾಗಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹೃದಯ ದೋಷವೂ ಇದೆ. 2017ರಲ್ಲಿ ಶುರುವಾದ ಕೇರಳದ 'ಹೃದ್ಯಂ', ಮಗುವಿನ ಹೆಸರು ನೋಂದಣಿಯಾದ ಮೇಲೆ ಅದಕ್ಕೆ ಆಸ್ಪತ್ರೆಯನ್ನೂ ಹುಡುಕಿಕೊಡುತ್ತದೆ. ಆದರೆ ನೋಂದಣಿಗೆ ಮೊದಲು ದೋಷ ಪತ್ತೆಯಾಗಬೇಕು. ಅದು ಆಗಬೇಕಿರುವುದು ದೊಡ್ಡ ಆಸ್ಪತ್ರೆಯಲ್ಲಲ್ಲ, ಮಗು ಹುಟ್ಟಿದ ಹೆರಿಗೆ ವಾರ್ಡ್‌ನಲ್ಲಿ, ತಾಯಿ-ಮಗು ಮನೆಗೆ ಹೊರಡುವ ಮುನ್ನ.