ತಕ್ಕಡಿ ಹಿಡಿಯುವವರು ಯಾರು?

ಚಿಕ್ಕಲಸಂದ್ರದ ಕಿರಾಣಿ ಅಂಗಡಿಯವನು ತನ್ನ ತೂಕದ ಬಟ್ಟಿಗೆ ತಾನೇ ಮುದ್ರೆ ಹಾಕಿಕೊಳ್ಳುವಂತಿಲ್ಲ. ಸರಕಾರದ ಇನ್‌ಸ್ಪೆಕ್ಟರು ಪರೀಕ್ಷಿಸಿ ಮುದ್ರೆ ಒತ್ತಬೇಕು. ಇಲ್ಲವಾದರೆ ದಂಡ ತಪ್ಪದು. ಅಂಗಡಿಯವನು ಮೋಸಗಾರನೆಂದು ಇದರ ಅರ್ಥವಲ್ಲ. ಲಾಭ ಯಾರ ಕೈ ಸೇರುವುದೋ ಅವರ ಕೈಯಲ್ಲೇ ಅಳತೆಯೂ ಇರಬಾರದೆಂಬುದು ನ್ಯಾಯ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದೂ ಕೊಳಗದ ಅಳತೆಯ ಪ್ರಶ್ನೆಯಿಂದಲೇ. ಒಡೆಯನ ಕೊಳಗದಲ್ಲಿ ಅಳೆದರೆ ರೈತನ ಭತ್ತ ಎಂದೂ ಸಾಲದು.

ಈ ಮಾತು ಭತ್ತ ಬೇಳೆಗಳಿಗೆ ಮಾತ್ರವಲ್ಲ, ಮನುಷ್ಯನ ಮೈಗೂ ಸಲ್ಲುತ್ತದೆ. ಕೆಲವು ವರ್ಷಗಳ ಹಿಂದೆ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳೊಬ್ಬರು ಒಂದು ಹಾಳೆ ತಂದು, "ಮೇಷ್ಟ್ರೇ, ಇದರಲ್ಲಿ ಏನಿದೆ ಓದಿ ಹೇಳಿ" ಎಂದರು. ಯಾವುದೋ ಸಂಶೋಧನೆಗಾಗಿ ಅವರ ರಕ್ತ ತೆಗೆದುಕೊಂಡಿದ್ದರು. ಹಾಳೆಯಲ್ಲಿದ್ದದ್ದೆಲ್ಲ ಇಂಗ್ಲಿಷು. ಕೊನೆಯಲ್ಲಿ ಮಾತ್ರ ಕನ್ನಡವಿತ್ತು. ಅದು ಅವರ ಸಹಿ. ಓದುವುದಕ್ಕೆ ಮೊದಲೇ ಒಪ್ಪಿಗೆ ಮುಗಿದುಹೋಗಿತ್ತು!

ಸಂಶೋಧನೆ ಬೇಡವೆಂದು ನಾವು ಹೇಳುವುದಿಲ್ಲ. ಇಂದು ನಮ್ಮ ಮಕ್ಕಳನ್ನು ಉಳಿಸುವ ಔಷಧಿಗಳೆಲ್ಲ ಎಂದೋ ಯಾರದೋ ಮೈಯ ಮೇಲೆ ಪರೀಕ್ಷೆಯಾಗಿ ಬಂದವೇ. ಆ ಯಾರೋ ಒಬ್ಬರು ತಿಳಿದು ಒಪ್ಪಿದ್ದರೇ ಎಂಬುದು ನಮ್ಮ ಪ್ರಶ್ನೆ. ಅದನ್ನು ನೋಡಿಕೊಳ್ಳುವುದಕ್ಕೆಂದೇ ಸಂಶೋಧನೆ ನಡೆಸುವ ಆಸ್ಪತ್ರೆಗಳಲ್ಲಿ ನೈತಿಕ ಸಮಿತಿಗಳಿವೆ.

ಸಮಿತಿಯಿದ್ದರೂ ಅನ್ಯಾಯ ನಡೆಯುತ್ತದೆಂಬುದಕ್ಕೆ ನೆರೆರಾಜ್ಯದ ಖಮ್ಮಂ ಜಿಲ್ಲೆಯೇ ಸಾಕ್ಷಿ. 2009ರಲ್ಲಿ ಅಲ್ಲಿ ಸುಮಾರು 14,000 ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆಯಿತು. 10ರಿಂದ 14 ವರ್ಷದ ಮಕ್ಕಳು. ಹಲವರು ಹಾಸ್ಟೆಲಿನಲ್ಲಿದ್ದ ಬಡವರ ಮಕ್ಕಳು. ತಂದೆ ತಾಯಿ ಹಾಕಬೇಕಾದ ಸಹಿಯನ್ನು ಎಷ್ಟೋ ಕಡೆ ವಾರ್ಡನ್ನರೇ ಹಾಕಿದ್ದರು. 2010ರ ಏಪ್ರಿಲಿನಲ್ಲಿ ಅಧ್ಯಯನ ನಿಂತಿತು. ಅಷ್ಟರಲ್ಲಿ ಸಂಭವಿಸಿದ್ದ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತು. ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸತ್ತಿನ ಸಮಿತಿಯೇ ಖಂಡಿಸಿತು. ವಾರ್ಡನ್ ಸಹಿ ಸಾಕೇ ಎಂದು ಕೇಳುವ ಒಬ್ಬ ಬಡ ತಾಯಿ ಮೊದಲೇ ಆ ಮೇಜಿನ ಮುಂದೆ ಕುಳಿತಿದ್ದರೆ?

2019ರ ಹೊಸ ಔಷಧಿಗಳ ನಿಯಮಗಳು ಈ ಬಾಗಿಲನ್ನು ಸ್ವಲ್ಪ ತೆರೆದಿವೆ. ಔಷಧಿ ಪರೀಕ್ಷೆಗೆ ಅನುಮತಿ ಕೊಡುವ ಸಮಿತಿಯಲ್ಲಿ ಕನಿಷ್ಠ 7 ಮಂದಿ ಇರಬೇಕು. ಅರ್ಧದಷ್ಟು ಸದಸ್ಯರು ಆ ಸಂಸ್ಥೆಗೆ ಸಂಬಂಧಪಡದವರಾಗಿರಬೇಕು. ಅಧ್ಯಕ್ಷರೂ ಹೊರಗಿನವರೇ ಆಗಬೇಕು. ಕಾನೂನು ಬಲ್ಲವರು, ಮಹಿಳೆ, ಜನಸಾಮಾನ್ಯರೊಬ್ಬರು ಇರಲೇಬೇಕು. ಆ ಜನಸಾಮಾನ್ಯರು ಬಾರದಿದ್ದರೆ ಕೋರಂ ಇಲ್ಲ. ಸಮಿತಿಗೆ ಅರಿಯದ ವಿಷಯ ಬಂದಾಗ ಹೊರಗಿನ ತಜ್ಞರನ್ನು ಕರೆಯಬಹುದು. ಅವರಿಗೆ ಮತವಿಲ್ಲ, ಸಲಹೆಯ ಹಕ್ಕುಂಟು.

ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಹೊರಗಿನವರೆಂದರೆ ಯಾರು? ನಿರ್ದೇಶಕರ ಹಳೆಯ ಸ್ನೇಹಿತರೂ ಹೊರಗಿನವರೇ! ಎರಡು ನೂರು ಪುಟದ ಇಂಗ್ಲಿಷ್ ಕಡತವನ್ನು ಹಿಂದಿನ ದಿನ ಕೈಗಿತ್ತರೆ ಜನಸಾಮಾನ್ಯರ ಪ್ರತಿನಿಧಿ ತಲೆಯಾಡಿಸದೆ ಏನು ಮಾಡಿಯಾರು? ಇನ್ನು ತಜ್ಞರು: ದೊಡ್ಡ ಪದವಿಯವರೇ ತಜ್ಞರೆಂಬ ಭ್ರಮೆಯನ್ನು ನಾವು ಬಿಡಬೇಕು.

ಹತ್ತಿ ಗಿರಣಿಯಲ್ಲಿ ದುಡಿದವರು ಇದನ್ನು ಬಲ್ಲರು. ವಾರದ ರಜೆ ಮುಗಿಸಿ ಮೊದಲ ದಿನ ಪಾಳಿಗೆ ಹೋದಾಗ ಎದೆ ಬಿಗಿಯುತ್ತದೆ. ವಾರ ಸಾಗಿದಂತೆ ಸಡಿಲವಾಗುತ್ತದೆ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ರೋಗದ ಮೊದಲ ಗುರುತೇ ಇದು. ಸಂಶೋಧಕರು ಶನಿವಾರ ಬಂದು ಉಸಿರು ಅಳೆದರೆ ಗಿರಣಿಯಲ್ಲಿ ರೋಗವೇ ಕಡಿಮೆಯೆಂದು ಬರೆದುಕೊಂಡು ಹೋದಾರು. ಸಮಿತಿಯಲ್ಲಿ ಒಬ್ಬ ಹಳೆಯ ನೂಲುಗಾರ ಇದ್ದರೆ, "ಸೋಮವಾರ ಬನ್ನಿ ಸ್ವಾಮಿ" ಎಂದಾನು. "ರೋಗ ಕಂಡವರ ಹೆಸರು ಮಾಲೀಕರಿಗೆ ಹೋಗಕೂಡದು, ಹೋದರೆ ಕೆಲಸ ಹೋಯಿತು" ಎಂದೂ ಹೇಳಿಯಾನು. ಮೊದಲನೆಯದು ವಿಜ್ಞಾನ, ಎರಡನೆಯದು ನೀತಿ. ಎರಡನ್ನೂ ಬಲ್ಲ ಆತ ತಜ್ಞನಲ್ಲವೇ?

ಹೊರಗಿನವರು ಬಂದರೆ ಕೆಲಸ ತಡವಾಗುತ್ತದೆ, ಗುಟ್ಟು ಬಯಲಾಗುತ್ತದೆ ಎಂಬ ಆಕ್ಷೇಪಣೆಯುಂಟು. ಗುಟ್ಟಿಗೆ ಕರಾರುಪತ್ರವಿದೆ, ಸಹಿ ಹಾಕಿಸಿಕೊಳ್ಳಲಿ. ತಡವಂತೂ ಆಗುತ್ತದೆ, ಒಪ್ಪುತ್ತೇವೆ. ಆದರೆ ಒಂದು ತಿಂಗಳ ತಡ ದೊಡ್ಡದೋ, ಒಂದು ಜೀವ ದೊಡ್ಡದೋ?

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಯಾವ ಜನರ ಮೇಲೆ ಅಧ್ಯಯನವೋ ಆ ಜನರಿಂದ ಒಬ್ಬರನ್ನಾದರೂ ಸಮಿತಿ ಕರೆದು ಕೇಳಲಿ. ಕಡತದ ಸಾರಾಂಶವನ್ನು ಕನ್ನಡದಲ್ಲಿ ಮುಂಚಿತವಾಗಿ ಕೊಡಲಿ. ಬಂದವರಿಗೆ ಹೋದ ದಿನದ ಕೂಲಿ ಕಟ್ಟಿಕೊಡಲಿ. ಅವರ ಸಲಹೆಯನ್ನು ತಳ್ಳಿಹಾಕಿದರೆ ಕಾರಣವನ್ನು ನಡವಳಿಯಲ್ಲಿ ಬರೆಯಲಿ.

ಗಿರಣಿಯ ಬಂಧುಗಳಿಗೂ ಅಂಗಡಿಯ ಬಂಧುಗಳಿಗೂ ಒಂದು ಮಾತು. ಯಾರಾದರೂ ಹಾಳೆ ಚಾಚಿದರೆ ತಿಳಿಯುವ ಭಾಷೆಯಲ್ಲಿ ಕೇಳಿ. ಅದು ನಿಮ್ಮ ಹಕ್ಕು. ಒಂದು ಪ್ರತಿ ಇಟ್ಟುಕೊಳ್ಳಿ. ಓದು ಬಾರದಿದ್ದರೆ ಅವರ ಕಡೆಯವರಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಲಿ. ಬೇಡವೆನಿಸಿದರೆ ಬೇಡವೆನ್ನಿ, ಅದರಿಂದ ನಿಮ್ಮ ಚಿಕಿತ್ಸೆ ನಿಲ್ಲಕೂಡದು. ಸಾಮಾನು ಕೊಳ್ಳುವಾಗ ತಕ್ಕಡಿಯ ಮುಳ್ಳನ್ನು ನೋಡುವ ನಾವು, ನಮ್ಮ ರಕ್ತ ಕೊಡುವಾಗ ಕಣ್ಣು ಮುಚ್ಚಬೇಕೇ?